ಬಿದ್ದದ್ದೋ, ಬಡಿದದ್ದೋ?

ಶವಾಗಾರದ ಬಾಗಿಲಲ್ಲಿ ನಿಂತು ತನಿಖಾಧಿಕಾರಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಡಾಕ್ಟರೇ, ಬಿದ್ದು ಸತ್ತದ್ದೋ, ಯಾರಾದರೂ ಬಡಿದದ್ದೋ?’ ತಲೆ ತೆರೆದು ನೋಡುವ ತನಕ ನಾನು ಬಾಯಿ ಬಿಡುವುದಿಲ್ಲ. ಕೆಲವರಿಗೆ ಇದು ಬಿಂಕವೆನಿಸುತ್ತದೆ. ಎನಿಸಲಿ.

ನೆತ್ತಿಯ ತೆಳು ಚರ್ಮದ ಕೆಳಗೇ ಗಟ್ಟಿ ಮೂಳೆ ಇದೆ. ಅಲ್ಲಿ ದೊಣ್ಣೆಯ ಪೆಟ್ಟು ಬಿದ್ದರೂ ಚರ್ಮ ನೇರವಾಗಿ ಬಿರಿದು, ಮಚ್ಚಿನಿಂದ ಕೊಚ್ಚಿದಂತೆ ಕಾಣುತ್ತದೆ. ಪಂಚನಾಮೆಯಲ್ಲಿ ‘ಹರಿತವಾದ ಆಯುಧ’ ಎಂದು ಬರೆದುಬಿಟ್ಟರೆ ಇಲ್ಲದ ಮಚ್ಚಿಗೆ ಹುಡುಕಾಟ ಶುರುವಾಗುತ್ತದೆ. ಗಾಯದ ಸುತ್ತಲಿನ ಕೂದಲು ಬೋಳಿಸಿ ಭೂತಗನ್ನಡಿ ಹಿಡಿಯಬೇಕು. ಅಂಚು ಜಜ್ಜಿರುತ್ತದೆ, ಕೂದಲಿನ ಬುಡ ನಲುಗಿರುತ್ತದೆ, ಗಾಯದ ಆಳದಲ್ಲಿ ಅಂಗಾಂಶದ ಎಳೆಗಳು ಹರಿಯದೆ ಅಡ್ಡಡ್ಡ ಉಳಿದಿರುತ್ತವೆ. ಹರಿತವಾದ ಅಲಗು ಆ ಎಳೆಗಳನ್ನು ಉಳಿಸುವುದಿಲ್ಲ. ಬೋಳಿಸುವ ಮೊದಲೇ ಕೂದಲಿನ ಮಾದರಿ ತೆಗೆದಿಡಿ ಎಂದು ಕಿರಿಯರಿಗೆ ಬೇಸರ ಬರುವಷ್ಟು ಸಲ ಹೇಳುತ್ತೇನೆ; ಇಟ್ಟಿಗೆಯ ಪುಡಿ, ಬಣ್ಣದ ಚಕ್ಕೆ, ತುಕ್ಕು ಎಲ್ಲವೂ ಅಲ್ಲೇ ಸಿಕ್ಕಿಕೊಂಡಿರಬಹುದು.

ಟೋಪಿಯ ಅಂಚು ಕೂರುವ ಗೆರೆಗಿಂತ ಮೇಲಿನ ಗಾಯ ಹೊಡೆತದ್ದು, ಉಳಿದದ್ದು ಬಿದ್ದದ್ದು ಎಂಬ ನಿಯಮವೊಂದಿದೆ. ಮೆಟ್ಟಿಲಿನಿಂದ ಉರುಳಿದವರ ವಿಷಯದಲ್ಲಿ ಅದು ಕೈಕೊಡುತ್ತದೆ. ನನಗೆ ಮಿದುಳಿನ ಸಾಕ್ಷ್ಯದ ಮೇಲೇ ಹೆಚ್ಚು ನಂಬಿಕೆ. ಅಲುಗಾಡದ ತಲೆಗೆ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಪೆಟ್ಟಿನ ಕೆಳಗಿನ ಮಿದುಳೇ ಜಜ್ಜುತ್ತದೆ. ಅಂಗಾತ ಬಿದ್ದು ಹಿಂದಲೆ ನೆಲಕ್ಕೆ ಬಡಿದರೆ ಜಜ್ಜುವುದು ಎದುರು ಬದಿ, ಹಣೆ ಮತ್ತು ಕಣತಲೆಯ ಕಡೆಯ ಮಿದುಳು. ಹಿಂದೆ ಸಣ್ಣ ತರಚು, ಮುಂದೆ ದೊಡ್ಡ ಹಾನಿ. ಹಾಗೆಂದು ‘ಆಕಸ್ಮಿಕ’ ಎಂದು ಬರೆಯಲಾದೀತೇ? ದವಡೆಗೆ ಗುದ್ದಿಸಿಕೊಂಡು ಬಿದ್ದವನ ಮಿದುಳೂ ಹೀಗೆಯೇ ಇರುತ್ತದೆ. ಆದ್ದರಿಂದ ತುಟಿಯ ಒಳಮೈ, ದವಡೆ, ಮುಂಗೈ ನೋಡದೆ ತಲೆಯ ಬಗ್ಗೆ ಅಭಿಪ್ರಾಯ ಕೊಡುವುದಿಲ್ಲ. ಕಪ್ಪುಗಟ್ಟಿದ ಕಣ್ಣನ್ನಂತೂ ಸುಲಭವಾಗಿ ನಂಬಬಾರದು. ಬುರುಡೆಯ ತಳದ ಮುಂಭಾಗ ಬಿರಿದರೂ ರಕ್ತ ಇಳಿದು ಕಣ್ಣು ಕಪ್ಪಾಗುತ್ತದೆ.

‘ತಲೆಯ ಮೇಲೆ ಕಲ್ಲು ಎತ್ತಿಹಾಕಿ ಕೊಲೆ’ ಎಂಬ ಸಾಲನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿರುತ್ತಾರೆ. ಅಂಥ ಬುರುಡೆ ಚೂರುಚೂರಾಗಿ ಬರುತ್ತದೆ. ಎಷ್ಟು ಪೆಟ್ಟು, ಯಾವುದು ಮೊದಲು? ಚೂರುಗಳನ್ನು ತೊಳೆದು ಜೋಡಿಸುತ್ತೇವೆ. ಜರ್ಮನಿಯ ಪುಪ್ಪೆ ಎಂಬ ವೈದ್ಯ ಹೇಳಿದ ನಿಯಮ ಇಲ್ಲಿ ನೆರವಿಗೆ ಬರುತ್ತದೆ: ಒಣಗಿದ ಕೆರೆಯಂಗಳದಲ್ಲಿ ಹೊಸ ಬಿರುಕು ಹಳೆಯ ಬಿರುಕಿಗೆ ಬಂದು ನಿಲ್ಲುವಂತೆ, ಎರಡನೆಯ ಪೆಟ್ಟಿನ ಬಿರುಕು ಮೊದಲನೆಯದನ್ನು ದಾಟುವುದಿಲ್ಲ. ಆದರೆ ಒಂದೇ ಪೆಟ್ಟು ಎಂದು ಕಂಡ ಮಾತ್ರಕ್ಕೆ ಆರೋಪಿ ನಿರಾಳನಾಗುವಂತಿಲ್ಲ. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಇದ್ದದ್ದು ಒಂದೇ ಭರ್ಜಿಯ ಇರಿತ. ಸುಪ್ರೀಂ ಕೋರ್ಟ್ ಅದನ್ನು ಕೊಲೆಯೆಂದೇ ಎತ್ತಿಹಿಡಿಯಿತು.

ಪಾಟೀಸವಾಲಿನಲ್ಲಿ ವಕೀಲರು ಇಷ್ಟಪಡುವ ಪ್ರಶ್ನೆ ಬೇರೆ: ‘ಪೆಟ್ಟು ತಿಂದವನು ಎದ್ದು ಮನೆಗೆ ನಡೆದುಹೋಗಿದ್ದಾನೆ. ಅದೇ ಪೆಟ್ಟಿನಿಂದ ಸತ್ತನೆಂದು ಹೇಗೆ ಹೇಳುತ್ತೀರಿ?’ ಕಣತಲೆಯ ಮೂಳೆ ಬಿರಿದು ಒಳಗಿನ ರಕ್ತನಾಳ ಹರಿದರೆ ರಕ್ತ ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ತುಂಬುತ್ತಾ ಹೋಗುತ್ತದೆ. ಆ ಒತ್ತಡ ಮಿದುಳನ್ನು ಅದುಮುವವರೆಗೆ, ಕೆಲವೊಮ್ಮೆ ಗಂಟೆಗಟ್ಟಲೆ, ಮನುಷ್ಯ ಮಾತಾಡಬಲ್ಲ, ಊಟ ಮಾಡಬಲ್ಲ, ತಲೆನೋವೆಂದು ಮಲಗಲೂಬಲ್ಲ. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದರೆ ಬದುಕುತ್ತಿದ್ದನಲ್ಲವೇ ಎಂಬುದು ಅವರ ಮುಂದಿನ ಪ್ರಶ್ನೆ. ಬದುಕಬಹುದಿತ್ತು ಎಂದೇ ನಾನು ಹೇಳುತ್ತೇನೆ. ಚಿಕಿತ್ಸೆಯಿಂದ ಸಾವು ತಪ್ಪಬಹುದಿತ್ತು ಎಂಬುದರಿಂದ ಗಾಯ ಮಾಡಿದವನ ಹೊಣೆ ಕಳಚುವುದಿಲ್ಲವೆಂದು ಕಾನೂನಿನ ವಿವರಣೆಯಲ್ಲೇ ಇದೆ. ಅದನ್ನು ಹೇಳುವುದು ನನ್ನ ಕೆಲಸವಲ್ಲ, ಸರ್ಕಾರಿ ಅಭಿಯೋಜಕರದು.