ಲೂವ್ರ್ ನೋಡಲು ಬೇಸಿಗೆಯಲ್ಲಿ ಪ್ಯಾರಿಸ್ಸಿಗೆ ಹೊರಟ ಬಳ್ಳಾರಿಯವರಿಗೆ

ಲೂವ್ರ್ ಸಂಗ್ರಹಾಲಯದಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಯಾವ ದೇಶದ ಮಕ್ಕಳಾದರೂ ಸರಿ. ಇದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದೇನೆ. ಏಕೆಂದರೆ ಕಳೆದ ವರ್ಷ ನಮ್ಮ ಪ್ರವಾಸವನ್ನು ಗೊತ್ತುಮಾಡಿದ ಏಜೆಂಟ್, ಪಿಯುಸಿ ಮುಗಿಸಿದ್ದ ಹದಿನೇಳರ ಮಗಳಿಗೂ ದೊಡ್ಡವರಷ್ಟೇ ಹಣ ಕಟ್ಟಿಸಿಕೊಂಡಿದ್ದ. ‘ಸಾಲಿನಲ್ಲಿ ನಿಲ್ಲದೆ ನೇರ ಪ್ರವೇಶ’ ಎಂಬ ಹೆಸರಿನಲ್ಲಿ ತಲೆಗೆ ಮೂಲ ದರದ ಎರಡು ಪಟ್ಟಿಗೂ ಹೆಚ್ಚು. ಗಾಜಿನ ಪಿರಮಿಡ್ಡಿನ ಎದುರು ಒಬ್ಬ ಹುಡುಗ ಬಂದು ಮೂರು ಚೀಟಿಗಳನ್ನು ಕೈಗಿತ್ತು ಹೊರಟುಹೋದ. ಮಗಳ ಚೀಟಿಯ ಮೇಲೆ 0 ಯೂರೋ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನೇರ ಪ್ರವೇಶ ಎಂಬುದೂ ಸುಳ್ಳೇ. ಭದ್ರತಾ ತಪಾಸಣೆಯ ಸಾಲನ್ನು ಯಾವ ಟಿಕೆಟ್ಟೂ ತಪ್ಪಿಸುವುದಿಲ್ಲ. ಬಿಸಿಲಿನಲ್ಲಿ ಎಲ್ಲರ ಜೊತೆ ನಾವೂ ನಿಂತೆವು.

ಆದ್ದರಿಂದ ವಿಮಾನ, ವೀಸಾ ಏನನ್ನಾದರೂ ಏಜೆಂಟರಿಗೆ ವಹಿಸಿ, ಸಂಗ್ರಹಾಲಯದ ಟಿಕೆಟ್ಟನ್ನು ಮಾತ್ರ ವಹಿಸಬೇಡಿ. ಲೂವ್ರ್‌ನ ಸ್ವಂತ ಜಾಲತಾಣದಲ್ಲಿ ದಿನ, ಗಂಟೆ ಆರಿಸಿಕೊಂಡು ನಾವೇ ಕೊಳ್ಳಬಹುದು. ಮಕ್ಕಳ ಉಚಿತ ಟಿಕೆಟ್ಟನ್ನೂ ಅಲ್ಲಿಯೇ ಕಾಯ್ದಿರಿಸಿ, ವಯಸ್ಸಿನ ದಾಖಲೆಯಾಗಿ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ನಾವು ಹೋದಾಗ ದೊಡ್ಡವರ ದರ 22 ಯೂರೋ ಇತ್ತು. 2026ರ ಜನವರಿಯಿಂದ ನಮ್ಮಂಥ ಯುರೋಪಿನ ಹೊರಗಿನವರಿಗೆ ಅದು 32 ಯೂರೋ ಆಗಿದೆ. ಇದರ ಮೇಲೆ ದಲ್ಲಾಳಿಯ ಪಾಲು ಬೇರೆ ಸೇರಿದರೆ ಸಂಸಾರಸ್ಥರಿಗೆ ಅದು ಸಣ್ಣ ಹೊರೆಯಲ್ಲ. ವೀಸಾ ಶುಲ್ಕವೇ ದೊಡ್ಡವರಿಗೆ 90 ಯೂರೋ, ಅರ್ಜಿ ತಿರಸ್ಕೃತವಾದರೂ ಅದು ವಾಪಸ್ ಬರುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಸಿಗೆಯ ಪ್ರಯಾಣವಾದರೆ ತಡಮಾಡಲೇಬೇಡಿ.

ಏಜೆಂಟ್ ಕೊಟ್ಟಿದ್ದು ಬೆಳಗಿನ ಹನ್ನೊಂದು ಗಂಟೆಯ ಟಿಕೆಟ್. ಬೇಸಿಗೆಯಲ್ಲಿ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಬುಧವಾರ ಮತ್ತು ಶುಕ್ರವಾರ ಲೂವ್ರ್ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಉಳಿದ ದಿನ ಆರಕ್ಕೆ ಮುಚ್ಚುತ್ತದೆ, ಮಂಗಳವಾರ ರಜೆ. ನಾವು ಮತ್ತೆ ಸ್ವಂತ ಟಿಕೆಟ್ ಕೊಂಡು ಶುಕ್ರವಾರ ಸಂಜೆ ಹೋದೆವು. ಗುಂಪು ಗುಂಪಾಗಿ ಬರುವ ಬಸ್ಸಿನವರೆಲ್ಲ ಅಷ್ಟರಲ್ಲಿ ಹೋಗಿದ್ದರು. ಅಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಹತ್ತು ಗಂಟೆಯ ಸುಮಾರಿಗೆ, ಹಾಗಾಗಿ ಹೊರಗೆ ಬಂದಾಗಲೂ ಬೆಳಕಿತ್ತು. ಒಳಹೋಗಲು ಪಿರಮಿಡ್ಡನ್ನೇ ಹಿಡಿಯಬೇಡಿ. ಪಾಲೆ ರೊಯಾಲ್ ಮೆಟ್ರೊ ನಿಲ್ದಾಣದಿಂದ ಕರೂಸೆಲ್ ಎಂಬ ನೆಲದಡಿಯ ಮಳಿಗೆಗಳ ಮೂಲಕ ಇನ್ನೊಂದು ದಾರಿಯಿದೆ, ಅಲ್ಲಿ ಕಾದರೂ ನೆರಳಿರುತ್ತದೆ.

ಜನಜಂಗುಳಿ ನನಗೆ ಹೊಸದಲ್ಲ. ಕನಕದುರ್ಗಮ್ಮನ ಸಿಡಿಬಂಡಿ ಉತ್ಸವದಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತವನು ನಾನು. ಆದರೂ ಮೊನಾಲಿಸಾ ಕೋಣೆ ನನಗೆ ಸಹ್ಯವಾಗಲಿಲ್ಲ. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಚಿತ್ರ, ಅದರ ಮುಂದೆ ದಪ್ಪ ಗಾಜು, ಗಾಜಿನ ಮುಂದೆ ನೂರಾರು ಎತ್ತಿದ ಕೈಗಳು, ಎಲ್ಲದರಲ್ಲೂ ಮೊಬೈಲ್. ಅದೇ ಕೋಣೆಯಲ್ಲಿ ಮೊನಾಲಿಸಾಳ ಎದುರು ಗೋಡೆಗೆ ಇಟಲಿಯ ಚಿತ್ರಕಾರ ವೆರೊನೇಸೆ 1563ರಲ್ಲಿ ಮುಗಿಸಿದ ‘ಕಾನಾದ ಮದುವೆ’ ಇದೆ, ಏಸು ನೀರನ್ನು ದ್ರಾಕ್ಷಾರಸ ಮಾಡಿದ ಬೈಬಲ್ ಕಥೆಯ ಚಿತ್ರ. ಸುಮಾರು ಏಳು ಮೀಟರ್ ಎತ್ತರ, ಹತ್ತು ಮೀಟರ್ ಅಗಲ. ಜನ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ! ದಯವಿಟ್ಟು ಹಿಂದೆ ತಿರುಗಿ ನೋಡಿ. ಊಟದ ಪಂಕ್ತಿ, ನಡುವೆ ವಾದ್ಯದವರು, ಅವರ ಮುಂದೆ ಎರಡು ನಾಯಿಗಳು, ಬಲಗಡೆ ದೊಡ್ಡ ಕಲ್ಲಿನ ಹಂಡೆಯನ್ನು ಓರೆ ಮಾಡಿ ಚಿಕ್ಕ ಹೂಜಿಗೆ ದ್ರಾಕ್ಷಾರಸ ಬಗ್ಗಿಸುತ್ತಿರುವ ಒಬ್ಬಾತ. ಹಂಡೆಯ ಭಾರ ಅವನ ಮೈಯಲ್ಲಿ ಕಾಣುತ್ತದೆ. ನನ್ನ ಹೆಂಡತಿ ಅವನೊಬ್ಬನನ್ನೇ ಬಹಳ ಹೊತ್ತು ನೋಡಿದಳು.

ಆ ಮೇಲೆ ರಿಶೆಲ್ಯೂ ಭಾಗದ ನೆಲಮಹಡಿಗೆ ಹೋಗಿ. ಅಲ್ಲಿ ಎರಡು ಮೀಟರಿಗಿಂತ ಎತ್ತರದ ಕಪ್ಪು ಕಲ್ಲು ನಿಂತಿದೆ, ಬ್ಯಾಬಿಲೋನಿನ ರಾಜ ಹಮ್ಮುರಬಿಯ ಕಾನೂನು ಶಾಸನ. 1901ರಿಂದ 1902ರ ಉತ್ಖನನದಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕಿದ್ದು. ಮೇಲೆ ದೇವರ ಎದುರು ನಿಂತ ರಾಜ, ಕೆಳಗೆ ಸುತ್ತಲೂ ಮೊಳೆಯಾಕಾರದ ಲಿಪಿ. ಮಸ್ಕಿ, ನಿಟ್ಟೂರುಗಳಲ್ಲಿ ಅಶೋಕನ ಶಾಸನ ಕಂಡಿರುವ ನಮ್ಮ ಭಾಗದವರಿಗೆ ಕಲ್ಲಿನ ಮೇಲೆ ರಾಜನ ಮಾತು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಇದು ಅಶೋಕನಿಗಿಂತ ಸುಮಾರು ಒಂದೂವರೆ ಸಾವಿರ ವರ್ಷ ಹಿಂದಿನದು. ಪಕ್ಕದ ಅಂಗಳದಲ್ಲಿ ಮನುಷ್ಯ ಮುಖದ, ರೆಕ್ಕೆಯುಳ್ಳ ಅಸ್ಸೀರಿಯಾದ ಹೋರಿಗಳಿವೆ. ಅವುಗಳಿಗೆ ಐದು ಕಾಲು: ಎದುರಿನಿಂದ ನೋಡಿದರೆ ನಿಂತಂತೆ, ಪಕ್ಕದಿಂದ ನೋಡಿದರೆ ನಡೆಯುತ್ತಿರುವಂತೆ ಕಾಣಲಿ ಎಂದು ಹಾಗೆ ಕಡೆದಿದ್ದಾರೆ. ನಾವು ಹೋದ ಸಂಜೆ ಅಲ್ಲಿ ಬೆರಳೆಣಿಕೆಯ ಜನರಿದ್ದರು.

ಇನ್ನು ಕೊಠಡಿಯ ವಿಷಯ. ಬಳ್ಳಾರಿಯ ಬಿಸಿಲಿಗೆ ಒಗ್ಗಿದವರಿಗೆ ಪ್ಯಾರಿಸ್ಸಿನ ಬೇಸಿಗೆ ಏನು ಮಹಾ ಎಂದು ಊರಿನಲ್ಲಿ ಎಲ್ಲರೂ ಹೇಳಿದ್ದರು. ನಮ್ಮಲ್ಲಿ ಫ್ಯಾನ್ ಇದೆ, ಕೂಲರ್ ಇದೆ, ಇಲ್ಲವಾದರೆ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುತ್ತೇವೆ. ಅಲ್ಲಿ ನಮಗೆ ಸಿಕ್ಕಿದ್ದು ಆರನೆಯ ಮಹಡಿಯಲ್ಲಿ, ಸತುವಿನ ತಗಡಿನ ಸೂರಿನಡಿಯ ಕೋಣೆ. ಫ್ಯಾನ್ ಹಾಕಲು ಕೊಂಡಿಯೂ ಇಲ್ಲ, ಅಂಗೈಯಗಲ ಮಾತ್ರ ತೆರೆಯುವ ಕಿಟಕಿ. ಅದರ ಬಾಡಿಗೆಗೆ ಬಳ್ಳಾರಿಯಲ್ಲಿ ತಿಂಗಳಿಗೆ ಮನೆಯೇ ಸಿಗುತ್ತದೆ. ಜೂನ್ ಕೊನೆಯ ಬಿಸಿಗಾಳಿಗೆ ರಾತ್ರಿಯಿಡೀ ಗೋಡೆ ಕಾದೇ ಇತ್ತು. ಹವಾನಿಯಂತ್ರಣ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯಿರಿ. ಇಲ್ಲವೆಂದರೆ ಮೇಲಿನ ಮಹಡಿಯನ್ನು ಒಪ್ಪಬೇಡಿ. ನೀರಿಗೆ ಮಾತ್ರ ದುಡ್ಡು ಸುರಿಯಬೇಡಿ, ಬೀದಿಬೀದಿಯ ಹಸಿರು ಕಬ್ಬಿಣದ ಕಾರಂಜಿಗಳಲ್ಲಿ ಕುಡಿಯುವ ನೀರು ಪುಕ್ಕಟೆ ಸಿಗುತ್ತದೆ.

ಊಟಕ್ಕೆ ಲೂವ್ರ್‌ನಿಂದ ಏಳನೆಯ ಮಾರ್ಗದ ಮೆಟ್ರೊ ಹತ್ತಿ ಗಾರ್ ದ ಲೆಸ್ತ್‌ನಲ್ಲಿ ಇಳಿದು ಉತ್ತರಕ್ಕೆ ನಡೆಯಿರಿ. ಲಾ ಶಾಪೆಲ್ ಸುತ್ತಮುತ್ತ ಶ್ರೀಲಂಕಾದ ತಮಿಳರ ಅಂಗಡಿಗಳ ಸಾಲೇ ಇದೆ. ಬಾಳೆಕಾಯಿ, ಕರಿಬೇವು, ನುಗ್ಗೆಕಾಯಿ ಎಲ್ಲ ಫುಟ್‌ಪಾತಿಗೆ ಬಂದಿರುತ್ತವೆ. ಅಲ್ಲಿನ ಒಂದು ಸಣ್ಣ ಹೋಟೆಲಿನಲ್ಲಿ ತಿಂದ ದೋಸೆ ಇನ್ನೂ ಬಾಯಲ್ಲಿದೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಜೊತೆಗೆ ಒಣಮೆಣಸಿನಕಾಯಿಯ ಕೆಂಪು ಚಟ್ನಿ, ನಮ್ಮ ಮಿರ್ಚಿ ತಿನ್ನುವ ನಾಲಿಗೆಗೂ ಖಾರವೆನ್ನಿಸುವಂಥದ್ದು. ಉದ್ದಿನವಡೆ ಬಾಣಲೆಯಿಂದ ನೇರವಾಗಿ ತಟ್ಟೆಗೆ ಬಂತು. ಸಾಂಬಾರ್ ಕೇಳಿದಷ್ಟು ಬಾರಿ ಬಡಿಸಿದರು. ನಮ್ಮ ಕನ್ನಡ, ತೆಲುಗು, ಅವರ ತಮಿಳು ಬೆರೆತು ಮಾತು ಸರಾಗವಾಗಿ ಸಾಗಿತು. ಲೂವ್ರ್ ಹತ್ತಿರ ಒಬ್ಬರ ಕಾಫಿ, ಬ್ರೆಡ್ಡಿಗೆ ತೆತ್ತ ಹಣದಲ್ಲಿ ಇಲ್ಲಿ ಇಬ್ಬರ ಹೊಟ್ಟೆ ತುಂಬಿತು. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ, ಬಹುತೇಕ ಕಡೆ ಕೋಳಿ, ಮೀನು ಒಂದೇ ಅಡುಗೆಮನೆಯಲ್ಲಿ ಬೇಯುತ್ತವೆ. ಭಾನುವಾರ ಸಂಜೆ ಅಲ್ಲಿ ಕೂರಲು ಜಾಗ ಸಿಗಲಿಲ್ಲ, ವಾರದ ನಡುವೆ ಹೋದರೆ ನೆಮ್ಮದಿಯಾಗಿ ತಿನ್ನಬಹುದು.