ರೋನೋಕ್‌ನಲ್ಲಿ ಕಾಕಾ ಕಂಡ ಇಂಜಿನ್

ವರ್ಜೀನಿಯಾದ ರೋನೋಕ್ ರೈಲಿನಿಂದಲೇ ಬೆಳೆದ ಊರು. ಮೊದಲು ಬಿಗ್ ಲಿಕ್ ಅನ್ನೋ ಸಣ್ಣ ಊರಾಗಿತ್ತು. 1880ರ ದಶಕದಲ್ಲಿ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆ ಕಂಪನಿ ಬಂದು ಕಚೇರಿ, ಕಾರ್ಖಾನೆ, ಹೋಟೆಲು ಎಲ್ಲ ಕಟ್ಟಿತು. ಅಂಥ ಊರಿಗೆ 1979ರಿಂದ 2017ರವರೆಗೆ ಒಂದೇ ಒಂದು ಪ್ಯಾಸೆಂಜರ್ ರೈಲೂ ಇರಲಿಲ್ಲ ಅಂದರೆ ನಂಬೋದು ಕಷ್ಟ. ಈಗ ವಾಷಿಂಗ್ಟನ್‌ನಿಂದ ಆಮ್‌ಟ್ರಾಕ್ ಅನ್ನೋ ಪ್ಯಾಸೆಂಜರ್ ಕಂಪನಿಯ ರೈಲು ಬರುತ್ತದೆ. ಸುಮಾರು ಐದು ಗಂಟೆ ದಾರಿ. ಲಿಂಚ್‌ಬರ್ಗ್ ದಾಟಿದ ಮೇಲೆ ಬ್ಲೂ ರಿಜ್ ಬೆಟ್ಟಗಳು ಹತ್ತಿರ ಬರುತ್ತವೆ.

ಜೊತೆಗೆ ನಮ್ಮ ಕಾಕಾ ಇದ್ದರು. ಹುಬ್ಬಳ್ಳಿಯ ಲೋಕೋ ಶೆಡ್‌ನಲ್ಲಿ ಮೀಟರ್‌ಗೇಜ್ ಉಗಿ ಇಂಜಿನ್‌ಗಳ ಫಿಟ್ಟರ್ ಆಗಿದ್ದವರು. ಅಮೆರಿಕಕ್ಕೆ ಬಂದಾಗಿನಿಂದ ನಾನು ತೋರಿಸಿದ ಯಾವ ಕಟ್ಟಡವೂ ಅವರಿಗೆ ಹಿಡಿಸಿರಲಿಲ್ಲ.

ಸಾಮಾನ್ಯವಾಗಿ ಉಗಿ ಇಂಜಿನ್ ಅಂದರೆ ಮುದುಕಾಗಿ, ಏದುಸಿರು ಬಿಡುತ್ತಾ ಮೂಲೆ ಸೇರಿದ ಯಂತ್ರ ಅಂದುಕೊಳ್ಳುತ್ತೇವೆ. ರೋನೋಕ್‌ನ ಕಥೆ ಹಾಗಲ್ಲ. ಎರಡನೇ ಮಹಾಯುದ್ಧ ಮುಗಿಯುತ್ತಲೇ ಅಮೆರಿಕದ ಕಂಪನಿಗಳೆಲ್ಲ ಡೀಸೆಲ್ ಹಿಂದೆ ಓಡಿದವು. ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ಮಾತ್ರ ಓಡಲಿಲ್ಲ. ಇವರ ಹೊಟ್ಟೆಪಾಡೇ ಕಲ್ಲಿದ್ದಲು ಸಾಗಾಟ. ವೆಸ್ಟ್ ವರ್ಜೀನಿಯಾದ ಗಣಿಗಳಿಂದ ನಾರ್ಫೋಕ್ ಬಂದರಿಗೆ ಒಯ್ಯುವ ಕಲ್ಲಿದ್ದಲನ್ನೇ ಇಂಜಿನ್ನಿಗೂ ಹಾಕುತ್ತಿದ್ದರು. ಇಂಜಿನ್‌ಗಳನ್ನು ಇದೇ ಊರಿನ ಕಾರ್ಖಾನೆಯಲ್ಲಿ ತಾವೇ ಕಟ್ಟಿಕೊಳ್ಳುತ್ತಿದ್ದರು. 1953ರ ಡಿಸೆಂಬರ್‌ವರೆಗೂ ಹೊಸ ಉಗಿ ಇಂಜಿನ್ ಇಲ್ಲಿಂದ ಹೊರಬಂದಿದೆ!

ಹಳೇ ಗೂಡ್ಸ್ ಶೆಡ್‌ನಲ್ಲಿರುವ ವರ್ಜೀನಿಯಾ ಸಾರಿಗೆ ಮ್ಯೂಸಿಯಂನಲ್ಲಿ ಅವುಗಳ ರಾಣಿ ನಿಂತಿದ್ದಳು. ಜೆ ಅನ್ನೋ ದರ್ಜೆಯ 611ನೇ ನಂಬರಿನ ಇಂಜಿನ್. 1950ರಲ್ಲಿ ಕಟ್ಟಿದ್ದು. ಕಪ್ಪು ಮೈ, ಕೆಂಪು ಪಟ್ಟೆ, ಬಂಗಾರದ ಬಣ್ಣದ ಅಕ್ಷರ, ಗುಂಡಿನಂಥ ಮೂತಿ. ಕಾಕಾ ಮೂತಿ ಕಡೆ ನೋಡಲೇ ಇಲ್ಲ. ನೇರ ಗಾಲಿ ಹತ್ತಿರ ಹೋಗಿ ಬಗ್ಗಿದರು.

"ಎಣ್ಣಿ ಎಲ್ಲಿಂದ ಹಾಕ್ತಾರ ಇದಕ್ಕ?"

ಅಲ್ಲಿದ್ದ ಸ್ವಯಂಸೇವಕರೊಬ್ಬರನ್ನು ಕೇಳಿ ಹೇಳಿದೆ. ಇನ್ನೂರಕ್ಕೂ ಹೆಚ್ಚು ಜಾಗಗಳಿಗೆ ಎಣ್ಣೆ ಓಡುವಾಗ ತಾನಾಗಿಯೇ ಹೋಗುತ್ತದೆ. ಅಚ್ಚುಗಳಿಗೆಲ್ಲ ರೋಲರ್ ಬೇರಿಂಗ್. ಬಾಯ್ಲರ್ ಒತ್ತಡ ಚದರ ಇಂಚಿಗೆ 300 ಪೌಂಡ್. ಗಾಲಿ 70 ಇಂಚು. ಬೆಟ್ಟ ಹತ್ತಲಿ ಅಂತ ಗಾಲಿಯನ್ನು ಚಿಕ್ಕದು ಮಾಡಿದ್ದರು. ಆದರೂ ಪರೀಕ್ಷೆಯಲ್ಲಿ ಈ ದರ್ಜೆಯ ಇಂಜಿನ್ ಗಂಟೆಗೆ 110 ಮೈಲಿ, ಅಂದರೆ 177 ಕಿಲೋಮೀಟರ್ ಓಡಿತ್ತು.

"ಈ ಗಾಲಿ ಮ್ಯಾಲೆ? ಸುಳ್ಳ ಹೇಳ್ತಾನ ಬಿಡು," ಅಂದರು ಕಾಕಾ. ಆಮೇಲೆ ಮತ್ತೊಂದು ಸಲ ಬಗ್ಗಿ ನೋಡಿದರು. "ನಮ್ಮ ಶೆಡ್ಡಿನ್ಯಾಗ ಎಣ್ಣಿ ಹಾಕೋದ್ರಾಗ ಕೈಯೆಲ್ಲಾ ಸುಟ್ಟಿರ್ತಿದ್ವು."

ನಮ್ಮ ಮೀಟರ್‌ಗೇಜ್‌ನ ವೈಪಿ ಅನ್ನೋ ದರ್ಜೆಯ ಇಂಜಿನ್‌ಗಳಲ್ಲಿ ಮೊದಲನೆಯವು 1949ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಬಳಿಯ ಬಾಲ್ಡ್‌ವಿನ್ ಕಾರ್ಖಾನೆಯಿಂದಲೇ ಬಂದವು. ಹಾಗಾಗಿ ಕಾಕಾಗೆ ಅಮೆರಿಕದ ಇಂಜಿನ್ ಪೂರ್ತಿ ಅಪರಿಚಿತವೇನಲ್ಲ.

ಇಷ್ಟು ಒಳ್ಳೆಯ ಇಂಜಿನ್ ಯಾಕೆ ಹೋಯಿತು? ಉಳಿದವರೆಲ್ಲ ಡೀಸೆಲ್‌ಗೆ ಹೋದ ಮೇಲೆ ಉಗಿ ಇಂಜಿನ್ನಿನ ಬಿಡಿಭಾಗ ಮಾಡುವವರೇ ಕಡಿಮೆಯಾದರು. ಕೂಲಿ ಖರ್ಚೂ ಏರಿತು. 1958ರಲ್ಲಿ ಕಂಪನಿಗೆ ಹೊಸ ಅಧ್ಯಕ್ಷ ಬಂದ ಮೇಲಂತೂ ಡೀಸೆಲ್‌ಗೆ ಬದಲಾಗುವ ಕೆಲಸ ಚಕಚಕ ನಡೆಯಿತು. 1960ರ ಮೇ ಹೊತ್ತಿಗೆ ಎಲ್ಲ ಮುಗಿದಿತ್ತು. ಹದಿನಾಲ್ಕು ಜೆ ಇಂಜಿನ್‌ಗಳಲ್ಲಿ ಉಳಿದದ್ದು 611 ಒಂದೇ. ಬೇರೆಯವೆಲ್ಲ ಗುಜರಿಗೆ ಹೋದವು. 1982ರಲ್ಲಿ ಇದನ್ನು ರಿಪೇರಿ ಮಾಡಿ ಮತ್ತೆ ಹಳಿಗೆ ತಂದರು. ಆಗ ಕಂಪನಿಯ ಮುಖ್ಯಸ್ಥರಾಗಿದ್ದ ರಾಬರ್ಟ್ ಕ್ಲೇಟರ್ ಎಷ್ಟೋ ಸಲ ತಾವೇ ಓಡಿಸುತ್ತಿದ್ದರಂತೆ.

ಹಳಿಯ ಪಕ್ಕದ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಹಳೇ ಪ್ಯಾಸೆಂಜರ್ ಸ್ಟೇಷನ್. ಅದೀಗ ವಿನ್‌ಸ್ಟನ್ ಲಿಂಕ್ ಅವರ ಫೋಟೋ ಮ್ಯೂಸಿಯಂ. ಲಿಂಕ್ ನ್ಯೂಯಾರ್ಕ್‌ನ ಜಾಹೀರಾತು ಫೋಟೋಗ್ರಾಫರ್. 1955ರಿಂದ 1960ರವರೆಗೆ ಮತ್ತೆ ಮತ್ತೆ ಇಲ್ಲಿಗೆ ಬಂದು, ಹೆಚ್ಚಾಗಿ ರಾತ್ರಿ ಹೊತ್ತು, ಈ ರೈಲುಗಳ ಫೋಟೋ ತೆಗೆದರು. ಸೂರ್ಯನನ್ನು ನಮಗೆ ಬೇಕಾದ ಕಡೆ ಸರಿಸೋಕಾಗಲ್ಲ, ಬಲ್ಬುಗಳನ್ನಾದರೆ ಸರಿಸಬಹುದು ಅನ್ನೋದು ಅವರ ಲೆಕ್ಕ. ಹತ್ತಾರು ಫ್ಲಾಶ್ ಬಲ್ಬುಗಳಿಗೆ ತಂತಿ ಎಳೆದು ಕಾಯೋದು. ರೈಲು ಬಂದಾಗ ಸಿಗೋದು ಒಂದೇ ಅವಕಾಶ.

ಅವರ ಅತಿ ಪ್ರಸಿದ್ಧ ಫೋಟೋ 1956ರದ್ದು. ಬಯಲು ಚಿತ್ರಮಂದಿರದಲ್ಲಿ ಕಾರೊಳಗೆ ಕೂತ ಜೋಡಿ, ಪರದೆ ಮೇಲೆ ವಿಮಾನ, ಹಿಂದೆ ಹೊಗೆಯುಗುಳುತ್ತಾ ರೈಲು. ಫ್ಲಾಶ್ ಬೆಳಕಿಗೆ ಪರದೆ ಬಿಳಿಚಿ ಹೋಗಿತ್ತು, ವಿಮಾನವನ್ನು ಆಮೇಲೆ ಸೇರಿಸಿದ್ದು. ಕಾರೂ ಲಿಂಕ್ ಅವರದೇ. ಇಲ್ಲೇ ನನಗೆ ಒಂಥರಾ ಅನ್ನಿಸಿತು. ರೈಲು ಇನ್ನೂ ಜೋರಾಗಿ ಓಡುತ್ತಿರುವಾಗಲೇ ಅದರ ನೆನಪನ್ನು ಸೆಟ್ ಹಾಕಿ ತಯಾರು ಮಾಡಿಟ್ಟಿದ್ದಾರೆ ಈ ಮನುಷ್ಯ. ನಾವು ಇವತ್ತು ಹಂಬಲಿಸೋ ಆ ಐವತ್ತರ ದಶಕ ಎಷ್ಟೋ ಮಟ್ಟಿಗೆ ಲಿಂಕ್ ದೀಪ ಹಚ್ಚಿದ ಐವತ್ತರ ದಶಕ. ದೀಪ ಬೀಳದ ಜಾಗಗಳೂ ಇದ್ದವು. ದಕ್ಷಿಣದ ರೈಲುಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುತ್ತಿದ್ದರು. ಅಂತರರಾಜ್ಯ ರೈಲುಗಳಲ್ಲಿ ಅದು ನಿಲ್ಲಬೇಕು ಅಂತ ಕೇಂದ್ರದ ಆಯೋಗ ಹೇಳಿದ್ದು 1955ರಲ್ಲಿ. ಅಷ್ಟು ಹೊತ್ತಿಗೆ ಲಿಂಕ್ ಫೋಟೋ ತೆಗೆಯೋಕೆ ಶುರು ಮಾಡಿಯಾಗಿತ್ತು.

ಹಾಗಂತ ಫೋಟೋಗಳು ಸುಳ್ಳು ಅನ್ನಲಾರೆ. ಷೇಫರ್ಸ್ ಕ್ರಾಸಿಂಗ್ ಶೆಡ್‌ನಲ್ಲಿ 605ನೇ ಇಂಜಿನ್ನನ್ನು ತೊಳೆಯುವ ಚಿತ್ರ ಒಂದಿದೆ. ಕಾಕಾ ಜಾಸ್ತಿ ಹೊತ್ತು ನಿಂತದ್ದು ಅದರ ಮುಂದೆ.

"ಬಾಯ್ಲರ್ ಎಷ್ಟ ದಿನಕ್ಕ ತೊಳೀತಾರ ಕೇಳು," ಅಂದರು. ಈಗಿನ ಸರ್ಕಾರಿ ನಿಯಮದ ಪ್ರಕಾರ 31 ದಿನ ಓಡಿದ ಮೇಲೆ ತೊಳೆದು ತಪಾಸಣೆ ಮಾಡಲೇಬೇಕು ಅಂದೆ. ತಲೆಯಾಡಿಸಿದರು. "ನೀರ ಚಲೋ ಇದ್ರ ಸಾಕು."

ಈಚಿನ ವರ್ಷಗಳಲ್ಲಿ ಚಳಿಗಾಲಕ್ಕೆ ಮುಂಚೆ, ಎಲೆ ಕೆಂಪಾಗುವ ಹೊತ್ತಿಗೆ, 611ಕ್ಕೆ ಬೆಂಕಿ ಹಾಕಿ ವರ್ಜೀನಿಯಾದಲ್ಲೇ ಗೋಶೆನ್‌ನಿಂದ ಸ್ಟಾಂಟನ್‌ವರೆಗೆ ಓಡಿಸಿದ್ದಾರೆ. ಮುಂದಿನ ಸಲ ಓಡಿಸಿದರೆ ಟಿಕೆಟ್ ತೆಗೆಸಲಾ ಅಂತ ಕೇಳಿದೆ. ಬೇಡ ಅಂದರು ಕಾಕಾ.

"ಡಬ್ಬಿ ಒಳಗ ಕುಂತ್ರ ಇಂಜಿನ್ ಎಲ್ಲಿ ಕಾಣ್ತದೋ? ಕಾರ್ ತಗೊಂಡ್ ಬಾ. ಚಡಾವು ಇರೋ ಜಾಗಾ ನೋಡಿ ನಿಲ್ಲೋಣು."