ಎಂಟುನೂರ ಹತ್ತು ರೂಪಾಯಿ

ನಮ್ಮ ಸೋದರಮಾವನಿಗೆ ಪೆನ್ನು ಬೇಕಾಗುತ್ತಿದ್ದುದು ಲೆಕ್ಕ ಬರೆದಿಡುವುದಕ್ಕೆ, ಮಾಡುವುದಕ್ಕಲ್ಲ. ಕಾಸರಗೋಡಿನ ಬದಿಯಡ್ಕ ಪೇಟೆಗೆ ಚಾಲಿ ಅಡಿಕೆ ಕೊಂಡುಹೋಗುವಾಗ ಜೀಪಿನ ಹಿಂದೆ ಗೋಣಿಗಳ ಮೇಲೆ ಕೂತು ನಾನೂ ಹೋಗುವುದಿತ್ತು. ಮೂವತ್ತೇಳೂವರೆ ಕಿಲೋ, ಕಿಲೋಗೆ ಅರುವತ್ತನಾಲ್ಕು ರೂಪಾಯಿ. ಅಂಗಡಿಯವರು ಕ್ಯಾಲ್ಕುಲೇಟರ್ ಹುಡುಕಿ ತೆಗೆಯುವಷ್ಟರಲ್ಲಿ ಮಾವ ‘ಎರಡು ಸಾವಿರದ ನಾನ್ನೂರು’ ಅಂದಾಗಿರುತ್ತಿತ್ತು. ಹೇಗೆ ಅಂತ ಕೇಳಿದರೆ, “ಇದನ್ನು ಇಮ್ಮಡಿ ಮಾಡು, ಅದನ್ನು ಅರ್ಧ ಮಾಡು, ಸುಲಭ ಆಗುವವರೆಗೆ” ಎನ್ನುವರು. 37.5 ಸಲ 64 ಅಂದರೆ 75 ಸಲ 32, ಅಂದರೆ 150 ಸಲ 16, ಅಂದರೆ 300 ಸಲ 8. ಮಗ್ಗಿಯಲ್ಲಿ ಎಂಟು ಮೂರಲ ಬಂದರೆ ಸಾಕು.

ಈಗ ಹೇಳಹೊರಟದ್ದು ಅಜ್ಜನಮನೆಯಲ್ಲಿ ಮಾವನ ಮಗನ ಉಪನಯನ ಆದ ದಿನದ ಸಂಗತಿ. ನಾನಾಗ ಏಳನೆಯ ಕ್ಲಾಸು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಖರ್ಚಿನ ಪುಸ್ತಕ ಬರೆಯುವ ಕೆಲಸ ನನಗೆ ಬಿದ್ದಿತ್ತು. ಪೇಟೆಗೆ ಓಡಾಡಿ ಸಾಮಾನು ತಂದವರು ನಮ್ಮ ಜೀಪಿನ ಡ್ರೈವರ್. ಅವರ ಮನೆಮಾತು ಮಲಯಾಳ. ಕನ್ನಡ ಅರ್ಥವಾಗುತ್ತಿತ್ತು, ಆದರೆ ದುಡ್ಡಿನ ವಿಷಯ ಬಂದರೆ ಬಾಯಿಗೆ ಬರುವುದು ಮಲಯಾಳವೇ. ಅದು ಎಲ್ಲರಿಗೂ ಹಾಗೆಯೇ ಇರಬೇಕು. ಮೂರು ಭಾಷೆ ಸಲೀಸಾಗಿ ಮಾತನಾಡುವ ನಮ್ಮೂರಿನವರೂ ನೋಟು ಎಣಿಸುವುದು ಮಾತ್ರ ತಾಯಿಯಿಂದ ಕಲಿತ ಭಾಷೆಯಲ್ಲಿ.

ಊಟದ ಗಲಾಟೆ ಮುಗಿದು ಸಂಜೆ ಜಗಲಿಯಲ್ಲಿ ಲೆಕ್ಕಕ್ಕೆ ಕೂತೆವು. ಡ್ರೈವರ್ ಹೇಳುತ್ತಾ ಹೋದದ್ದನ್ನು ನಾನು ಬರೆದಿದ್ದೆ: ದಿನಸಿ 4315, ತರಕಾರಿ 2760, ಹಾಲು ಮೊಸರು 1482, ಪಾತ್ರೆ ಬಾಡಿಗೆ 90, ಹೂವು ಹಣ್ಣು 655. ಒಟ್ಟು 9302. ಮಾವ ಕೊಟ್ಟಿದ್ದದ್ದು ಹನ್ನೆರಡು ಸಾವಿರ. ಉಳಿಯಬೇಕಾದದ್ದು 2698. ಕೈಚೀಲದಲ್ಲಿ ಇದ್ದದ್ದು 1888.

ಮಾವ ಮೊದಲು ನನ್ನ ಕೂಡಿಸುವಿಕೆಯನ್ನು ಪರೀಕ್ಷಿಸಿದರು. ಅದಕ್ಕೆ ಅವರದ್ದೊಂದು ಕ್ರಮ: ಪ್ರತಿ ಮೊತ್ತದ ಅಂಕಿಗಳನ್ನು ಕೂಡಿಸುತ್ತಾ ಹೋಗಿ ಒಂದೇ ಅಂಕಿಗೆ ಇಳಿಸುವುದು, ಒಂಬತ್ತು ಬಂದರೆ ಬಿಟ್ಟುಬಿಡುವುದು. ದಿನಸಿಗೆ ನಾಲ್ಕು, ತರಕಾರಿಗೆ ಆರು, ಹಾಲಿಗೆ ಆರು, ಪಾತ್ರೆಗೆ ಏನೂ ಇಲ್ಲ, ಹೂವಿಗೆ ಏಳು. ಎಲ್ಲ ಸೇರಿ ಇಪ್ಪತ್ತಮೂರು, ಅಂದರೆ ಐದು. 9302ರ ಅಂಕಿಗಳು ಹದಿನಾಲ್ಕು, ಅದೂ ಐದು. “ಕೂಡಿಸಿದ್ದು ಸರಿಯೇ ಉಂಟು” ಅಂದರು.

ಕೂಡಿಸಿದ್ದು ಸರಿ, ದುಡ್ಡು ಇಲ್ಲ. ಜಗಲಿಯ ಮೂಲೆಯಲ್ಲಿ ಎಲೆ ಹಾಕುತ್ತಿದ್ದ ನೆಂಟರೊಬ್ಬರು ಸುಣ್ಣ ಸವರುತ್ತಾ, “ಪೇಟೆಗೆ ಹೋದವರನ್ನೇ ಕೇಳಬೇಕಷ್ಟೆ” ಅಂದರು. ಡ್ರೈವರ್ ಅಂಗಳದಲ್ಲೇ ಇದ್ದರು, ಚಪ್ಪರದ ಹಗ್ಗ ಬಿಚ್ಚುತ್ತಾ. ಕನ್ನಡ ಅರ್ಥವಾಗುತ್ತಿತ್ತು ಎಂದೆನಲ್ಲ. ಅವರ ಕೈ ಒಂದು ಕ್ಷಣ ಗಂಟಿನ ಮೇಲೆ ನಿಂತದ್ದು ನನಗೆ ಕಂಡಿತು.

ಮಾವ ಆ ಮಾತಿಗೆ ಉತ್ತರ ಕೊಡಲಿಲ್ಲ. “ಎಷ್ಟು ಕಡಿಮೆ?” ಎಂದು ನನ್ನನ್ನು ಕೇಳಿದರು.

“ಎಂಟುನೂರ ಹತ್ತು.”

“ಎಂಟು, ಒಂದು, ಸೊನ್ನೆ. ಎಷ್ಟಾಯಿತು?”

“ಒಂಬತ್ತು.”

“ಹಾಗಾದರೆ ದುಡ್ಡು ಎಲ್ಲಿಗೂ ಹೋಗಿಲ್ಲ, ಮಾರಾಯ. ಬರೆದದ್ದರಲ್ಲೇ ಉಂಟು. ಎಂಟುನೂರ ಹತ್ತನ್ನು ಒಂಬತ್ತರಿಂದ ಭಾಗಿಸು.”

“ತೊಂಬತ್ತು.”

“ಪಟ್ಟಿಯಲ್ಲಿ ಎಲ್ಲಿಯಾದರೂ ತೊಂಬತ್ತು ಉಂಟಾ ನೋಡು.”

ನೋಡಬೇಕಾಗಿರಲಿಲ್ಲ. ಪಾತ್ರೆ ಬಾಡಿಗೆ. ಮಾವ ಅಂಗಳದ ಕಡೆ ತಿರುಗಿ ಮಲಯಾಳದಲ್ಲಿ ಕೇಳಿದರು, ಪಾತ್ರೆಗೆ ಎಷ್ಟು ಕೊಟ್ಟದ್ದು ಎಂದು. “ತೊಳ್ಳಾಯಿರಂ” ಎಂದರು ಡ್ರೈವರ್, ತಿರುಗದೆಯೇ.

ಒಂಬೈನೂರು! ಇಲ್ಲಿ ನನ್ನ ಪರವಾಗಿ ಎರಡು ಮಾತು ಹೇಳಿಕೊಳ್ಳಲೇಬೇಕು. ಮಲಯಾಳದಲ್ಲಿ ಎಂಬತ್ತು ಎಂದರೆ ಎಣ್ಬದ್, ಎಂಟುನೂರು ಎಂದರೆ ಎಣ್ಣೂರ್. ಅಲ್ಲಿಯವರೆಗೆ ಎಲ್ಲ ನಮ್ಮ ಹಾಗೆಯೇ. ಒಂಬತ್ತಕ್ಕೆ ಬಂದಾಗ ದಾರಿ ತಪ್ಪುತ್ತದೆ. ತೊಂಬತ್ತಕ್ಕೆ ‘ತೊಣ್ಣೂರ್’, ಅದರ ಬಾಲದಲ್ಲಿ ನೂರು ಕೂತಿದೆ. ಒಂಬೈನೂರಕ್ಕೆ ‘ತೊಳ್ಳಾಯಿರಂ’, ಅದರ ಬಾಲದಲ್ಲಿ ಸಾವಿರ, ಅಂದರೆ ಆಯಿರಂ. ತಮಿಳಿನಲ್ಲಿಯೂ ಹೀಗೆಯೇ. ನನ್ನ ಕನ್ನಡದ ಕಿವಿ ಹಿಡಿದದ್ದು ಮೊದಲ ‘ತೊ’ ಮಾತ್ರ. ‘ತೊ’ ಇದ್ದ ಮೇಲೆ ತೊಂಬತ್ತು ಎಂದು ಕೈ ಬರೆದುಬಿಟ್ಟಿತು. ತೊಂಬತ್ತು ರೂಪಾಯಿಗೆ ಊರೂಟದ ಪಾತ್ರೆ ಯಾರು ಕೊಡುತ್ತಾರೆ ಎಂದು ಯೋಚಿಸುವ ವಯಸ್ಸು ಅದಲ್ಲ.

ಒಂಬತ್ತಕ್ಕೆ ಈ ಪತ್ತೇದಾರಿಕೆ ಹೇಗೆ ಬಂತೆಂದು ಮಾವ ಆಮೇಲೆ ಅಡಿಕೆಯಿಂದ ತೋರಿಸಿದರು. ಒಂದು ಸಂಖ್ಯೆಯ ಕೊನೆಯ ಸೊನ್ನೆ ಬಿಟ್ಟುಹೋದರೆ ಅದು ಹತ್ತರಲ್ಲಿ ಒಂದು ಪಾಲಾಗುತ್ತದೆ. ಹತ್ತು ಅಡಿಕೆಯಲ್ಲಿ ಒಂದು ಉಳಿದರೆ ಕಾಣೆಯಾದವು ಒಂಬತ್ತು. ಹಾಗಾಗಿ ಕಾಣೆಯಾದದ್ದನ್ನು ಒಂಬತ್ತರಿಂದ ಭಾಗಿಸಿದರೆ ತಪ್ಪಾಗಿ ಬರೆದ ಸಂಖ್ಯೆಯೇ ಎದುರು ಬಂದು ನಿಲ್ಲುತ್ತದೆ. ತಮಾಷೆಯೆಂದರೆ, ಅಂಕಿ ಕೂಡಿಸಿ ಮಾಡಿದ ಮೊದಲ ಪರೀಕ್ಷೆಗೆ ಈ ತಪ್ಪು ಯಾವತ್ತೂ ಸಿಗುವಂಥದ್ದಲ್ಲ. 90ಕ್ಕೂ 900ಕ್ಕೂ ಅಂಕಿಗಳ ಮೊತ್ತ ಒಂದೇ. ಬಚ್ಚಿಟ್ಟದ್ದೂ ಒಂಬತ್ತೇ, ಹಿಡಿದುಕೊಟ್ಟದ್ದೂ ಒಂಬತ್ತೇ.

ಹಾಗೆಂದು ಒಂಬತ್ತನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ನಿಜವಾಗಿ ಕಳೆದುಹೋದ ದುಡ್ಡೂ ಒಂಬತ್ತು ಸಲಕ್ಕೆ ಒಂದು ಸಲ ಒಂಬತ್ತರಿಂದ ಭಾಗವಾಗಬಹುದು. ಮಾವನಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಆ ಹೊತ್ತಿಗೆ ಬೇಕಾದಷ್ಟನ್ನೇ ಹೇಳಿದರು ಎಂದು ಈಗ ಅನಿಸುತ್ತದೆ.

ಮುಂದೆ ನಾನು ಸೇರಿದ್ದು ಬ್ಯಾಂಕಿಗೆ. ಕಂಪ್ಯೂಟರ್ ಬರುವ ಮೊದಲಿನ ದಿನಗಳು, ಸಂಜೆ ಲೆಕ್ಕ ತಾಳೆಯಾಗದಿದ್ದರೆ ಕೊನೆಯ ಬಸ್ಸು ತಪ್ಪಿತೆಂದೇ ಲೆಕ್ಕ. ವ್ಯತ್ಯಾಸ 270 ಬಂದರೆ ಹಳಬರು ಮೊದಲು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದರು. 4520 ಎಂದು ಬರೆಯಬೇಕಾದಲ್ಲಿ 4250 ಎಂದು ಅಂಕಿ ಅದಲುಬದಲಾದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ನನಗೆ ಆ ವಿದ್ಯೆ ಹೊಸದಾಗಿರಲಿಲ್ಲ.

ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರರ ಬಗ್ಗೆ ಓದಿದ್ದೂ ಬ್ಯಾಂಕಿನ ದಿನಗಳಲ್ಲೇ. ನಾಲ್ಕಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಸಾಕು. ಅಂಕಿಗಳನ್ನು ಇಳಿಕೆಯಲ್ಲೊಮ್ಮೆ ಏರಿಕೆಯಲ್ಲೊಮ್ಮೆ ಜೋಡಿಸಿ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೆಯೇ ಮಾಡಿ, ಮೂರಂಕಿ ಬಂದರೆ ಎಡಕ್ಕೊಂದು ಸೊನ್ನೆ ಇಟ್ಟುಕೊಳ್ಳಿ. ಹೆಚ್ಚೆಂದರೆ ಏಳು ಸಲಕ್ಕೆ 6174ಕ್ಕೆ ಬಂದು ನಿಲ್ಲುತ್ತೀರಿ, ಅಲ್ಲಿಂದ ಮುಂದೆ ಹೋಗುವುದಿಲ್ಲ. ಅವರು ಇದನ್ನು ಮದರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದ್ದು 1949ರಲ್ಲಿ. ಓದಿದೊಡನೆ ನನ್ನ ಕೈ ಬರೆದದ್ದು ಆ ಸಂಜೆಯ ಕೈಚೀಲದ 1888. 8881ರಿಂದ 1888 ಕಳೆದರೆ 6993. 9963ರಿಂದ 3699 ಕಳೆದರೆ 6264. 6642ರಿಂದ 2466 ಕಳೆದರೆ 4176. 7641ರಿಂದ 1467 ಕಳೆದರೆ 6174. ನಾಲ್ಕೇ ಹೆಜ್ಜೆ, ಮತ್ತು ಪ್ರತಿ ಹೆಜ್ಜೆಯ ಉತ್ತರವನ್ನೂ ಒಂಬತ್ತು ಭಾಗಿಸುತ್ತದೆ, ಯಾಕೆಂದರೆ ಇಲ್ಲಿಯೂ ನಡೆಯುವುದು ಅಂಕಿಗಳ ಅದಲುಬದಲೇ.

ಆ ಸಂಜೆ ನಾನು 90ರ ಮುಂದೆ ಒಂದು ಸೊನ್ನೆ ಸೇರಿಸಿಬಿಡೋಣ ಎಂದು ಪೆನ್ನು ಎತ್ತಿದ್ದೆ. ಮಾವ ಬಿಡಲಿಲ್ಲ. ಸಾಲನ್ನು ಪೂರ್ತಿ ಹೊಡೆದು ಕೆಳಗೆ ಹೊಸದಾಗಿ ಬರೆಯಿಸಿದರು. ಆಮೇಲೆ ಪುಸ್ತಕವನ್ನು ಅಂಗಳಕ್ಕೆ ಕೊಂಡುಹೋಗಿ ಡ್ರೈವರಿಗೆ ತೋರಿಸು ಎಂದರು. ಅವರು ನೋಡಿದರು, ಏನೂ ಅನ್ನಲಿಲ್ಲ. ಹಗ್ಗ ಸುತ್ತಿಟ್ಟು ಮನೆಗೆ ಹೋದರು. ನೆಂಟರೂ ಏನೂ ಅನ್ನಲಿಲ್ಲ, ಇನ್ನೊಂದು ಎಲೆಗೆ ಸುಣ್ಣ ಹಚ್ಚಿಕೊಂಡರು.

ಮುಂದಿನ ಸಲ ಅಡಿಕೆ ಹೇರಿದಾಗ ಡ್ರೈವರ್ ನನ್ನನ್ನು ಮುಂದಿನ ಸೀಟಿಗೆ ಕರೆದರು. ಪೇಟೆಯಲ್ಲಿ ಯಾವುದೋ ಚೀಟಿ ಕೊಡುತ್ತಾ, ಒಂದು ಕೈಯ ಐದು ಬೆರಳು, ಇನ್ನೊಂದರ ನಾಲ್ಕು ಬೆರಳು ಎತ್ತಿ ಹಿಡಿದು, ಬಿಡಿಸಿ ಬಿಡಿಸಿ ಕನ್ನಡದಲ್ಲಿ ಹೇಳಿದರು: “ಒಂ... ಬೈ... ನೂರು.” ಚೀಟಿ ಬಿಡಿಸಿ ನೋಡಿದರೆ ಅದರಲ್ಲಿ ಇದ್ದದ್ದು ನಲುವತ್ತು ರೂಪಾಯಿಯ ಲೆಕ್ಕ.